ಹೊರದೇಶದ ಊರುಗಳ ಜೊತೆ ನಂಟು, ನಮ್ಮೂರಿಗೆ ಬಂಡವಾಳ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವ್ರು ಎಲ್ಲಿಂದ ಶುರು ಮಾಡ್ಬೇಕು

ಪೇಪರ್‌ನಲ್ಲಿ ಆಗಾಗ ಒಂದು ಫೋಟೊ ಬರತ್ತೆ, ನೀವೂ ನೋಡಿರ್ತೀರ. ನಮ್ಮ ಕಡೆಯ ಮಂತ್ರಿಗಳೋ ಮೇಯರೋ ಒಂದು ಪಕ್ಕ, ಹೊರದೇಶದ ಗವರ್ನರೋ ಮೇಯರೋ ಇನ್ನೊಂದು ಪಕ್ಕ, ಮಧ್ಯ ಎರಡು ಬಾವುಟ, ಕೈಯಲ್ಲಿ ಒಪ್ಪಂದದ ಫೈಲು. ಎರಡು ದೇಶಗಳ ಊರು ಊರಿನ ನಡುವೆ, ರಾಜ್ಯ ರಾಜ್ಯದ ನಡುವೆ ಆಗೋ ಸ್ನೇಹದ ಒಪ್ಪಂದ ಇದು, ಸಿಸ್ಟರ್ ಸಿಟಿ, ಸಿಸ್ಟರ್ ಸ್ಟೇಟ್ ಅಂತ ಹೆಸರು. ಇದರಿಂದ ನಿಜವಾಗ್ಲೂ ನಮ್ಮ ಕಡೆ ಫ್ಯಾಕ್ಟರಿ ಬರತ್ತಾ, ನಮ್ಮ ಶೆಡ್‌ಗಳಿಗೆ ಆರ್ಡರ್ ಬರತ್ತಾ ಅಂತ ಬಹಳ ಜನ ಕೇಳ್ತಾರೆ. ಬರತ್ತೆ, ಆದ್ರೆ ಸಹಿ ಆದ್ಮೇಲೆ ಐದು ಹತ್ತು ವರ್ಷ ಅದೇ ಜನ ಅದೇ ಜನರನ್ನ, ಒಂದೇ ಕಸುಬಿನ ವಿಚಾರಕ್ಕೆ ಮತ್ತೆ ಮತ್ತೆ ಭೇಟಿ ಮಾಡ್ತಾ ಇದ್ರೆ ಮಾತ್ರ. ಅದನ್ನ ಮಾಡೋದು ಹೆಂಗೆ ಅಂತ ಇಲ್ಲಿ ಬರೀತಿದೀನಿ.

ಇದು ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ, ಮಾಲೂರು, ವೇಮಗಲ್, ನರಸಾಪುರ, ಗೌರಿಬಿದನೂರು ಕಡೆ ಸಣ್ಣ ಮಧ್ಯಮ ಕೈಗಾರಿಕೆ ಇಟ್ಕೊಂಡಿರೋರಿಗೆ, ಕೈಗಾರಿಕಾ ಸಂಘದ ಪದಾಧಿಕಾರಿಗಳಿಗೆ, ಪಾಲಿಕೆ ನಗರಸಭೆ ಸದಸ್ಯರಿಗೆ, ಮತ್ತೆ ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗರ ಕೆಲಸದ ಚಿಂತೆ ಮಾಡೋ ಮೇಷ್ಟ್ರುಗಳಿಗೆ.

ಮೊದಲು ಇದು ಕೆಲಸ ಮಾಡೋದು ಹೆಂಗೆ ಅಂತ ತಿಳ್ಕೊಳಿ

ಟೊಯೊಟಾ, ಹೋಂಡಾ ಥರದ ದೊಡ್ಡ ಕಂಪನಿಗೆ ಯಾವ ಮೇಯರ್ ಪರಿಚಯನೂ ಬೇಕಿಲ್ಲ, ಅವರ ಹತ್ರ ಲಾಯರ್ರು, ಕನ್ಸಲ್ಟೆಂಟ್ಸು, ರಿಸರ್ಚ್ ಟೀಮು ಎಲ್ಲಾ ಇರತ್ತೆ, ಅವ್ರು ನೇರ ಮುಖ್ಯಮಂತ್ರಿ ಹತ್ರಾನೇ ಕೂತು ಮಾತಾಡ್ತಾರೆ. ಕಷ್ಟ ಇರೋದು ಇನ್ನೂರು ಮುನ್ನೂರು ಜನ ಕೆಲಸಗಾರರಿರೋ ಕಂಪನಿಗೆ. ಜರ್ಮನಿಯ ಯಾವುದೋ ಸಣ್ಣ ಊರಲ್ಲಿ ಮೂರು ತಲೆಮಾರಿಂದ ಸ್ಪ್ರಿಂಗ್ ಮಾಡ್ತಿರೋ ಮನೆತನ ಅಂದ್ಕೊಳಿ. ಅವ್ರಿಗೆ ಇಂಡಿಯಾ ಗೊತ್ತು, ಬೆಂಗಳೂರು ಗೊತ್ತು, ವೇಮಗಲ್ ಗೊತ್ತಿಲ್ಲ. ಇಲ್ಲಿ ಜಾಗದ ದಾಖಲೆ ಸರಿ ಇರತ್ತಾ, ಕರೆಂಟ್ ಎಷ್ಟೊತ್ತು ಇರತ್ತೆ, ತೊಂದ್ರೆ ಆದ್ರೆ ಯಾರಿಗೆ ಫೋನ್ ಮಾಡ್ಬೇಕು, ಇದ್ಯಾವುದೂ ಗೊತ್ತಿಲ್ಲ. ಈ ಭಯ ಕಡಿಮೆ ಮಾಡೋದೇ ಊರಿಂದ ಊರಿಗೆ ಇರೋ ನಂಟಿನ ಕೆಲಸ. ಅವ್ರ ಊರಿನ ಮೇಯರ್ ಕಚೇರಿಯಲ್ಲಿ ನಮ್ಮೂರಿನ ಹೆಸರು ಗೊತ್ತಿರೋ ಒಬ್ಬ ಮನುಷ್ಯ ಇದ್ರೆ, ನಮ್ಮ ಕಡೆ ಅವ್ರ ಭಾಷೆ ಬರೋ ಒಬ್ಬ ಮನುಷ್ಯ ಇದ್ರೆ, ಅರ್ಧ ಭಯ ಅಲ್ಲೇ ಹೋಗತ್ತೆ.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಚೀನಾದ ತಾಯ್‌ಚಾಂಗ್. ಜಿಯಾಂಗ್ಸು ಪ್ರಾಂತ್ಯದಲ್ಲಿ ಶಾಂಘೈ ಪಕ್ಕ ಇರೋ ಊರು, ಅದು ಮಹಾನಗರ ಅಲ್ಲ, ನಮ್ಮ ತಾಲೂಕು ಜಿಲ್ಲೆ ಲೆಕ್ಕದ ಆಡಳಿತ. ಶಾಂಘೈ ಮಗ್ಗುಲಲ್ಲಿ ಅದು ಇರೋ ರೀತಿ ಬೆಂಗಳೂರು ಮಗ್ಗುಲಲ್ಲಿ ಕೋಲಾರ, ತುಮಕೂರು ಇರೋ ರೀತಿನೇ. 1993ರಲ್ಲಿ ಜರ್ಮನಿಯ ಶ್ರಾಂಬರ್ಗ್ ಅನ್ನೋ ಊರಿನ ಕೆರ್ನ್ ಲೀಬರ್ಸ್ ಅನ್ನೋ ಸ್ಪ್ರಿಂಗ್ ಕಂಪನಿ ಅಲ್ಲಿ ಬಹಳ ಚಿಕ್ಕದಾಗಿ ಶುರು ಮಾಡ್ತು. ತಾಯ್‌ಚಾಂಗ್ ಆಡಳಿತದವ್ರು ಆ ಒಂದು ಕಂಪನಿನ ಚೆನ್ನಾಗಿ ನೋಡ್ಕೊಂಡ್ರು, ಅವ್ರ ಬಾಯಿಂದಾನೇ ಉಳಿದ ಜರ್ಮನ್ ಕಂಪನಿಗಳಿಗೆ ಸುದ್ದಿ ಹೋಯ್ತು. 2001ರಲ್ಲಿ ಜರ್ಮನ್ ಮಾದರಿಯ ತರಬೇತಿ ಕೇಂದ್ರ ತೆಗೆದ್ರು, ಹುಡುಗರು ಅರ್ಧ ಸಮಯ ಕ್ಲಾಸಲ್ಲಿ ಅರ್ಧ ಸಮಯ ಫ್ಯಾಕ್ಟರಿಲಿ ಕಲಿಯೋದು. ಆಮೇಲೆ ಜರ್ಮನಿಯ ಯೂಲಿಶ್ ಊರಿನ ಜೊತೆ ಸಿಸ್ಟರ್ ಸಿಟಿ ನಂಟೂ ಆಯ್ತು. ಇವತ್ತು ಅಲ್ಲಿ ಐನೂರರ ಆಸುಪಾಸು ಜರ್ಮನ್ ಕಂಪನಿಗಳಿವೆ. ಒಪ್ಪಂದದ ಕಾಗದ ಬಂದಿದ್ದು ಕೊನೆಗೆ ಅನ್ನೋದು ಗಮನಿಸಿ, ಮೊದಲು ಬಂದಿದ್ದು ಒಂದು ಕಂಪನಿಯ ನಂಬಿಕೆ.

ಅಮೆರಿಕದಲ್ಲಿ ಎರಡೂ ಥರ ಆಗಿದೆ. ಮಿಶಿಗನ್‌ನ ಬ್ಯಾಟಲ್ ಕ್ರೀಕ್ ಅನ್ನೋ ಊರು, ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಊರು ಅದು, 1981ರಲ್ಲಿ ಜಪಾನಿನ ತಕಾಸಾಕಿ ಜೊತೆ ನಂಟು ಮಾಡ್ಕೊಂಡು, ಹಳೇ ಮಿಲಿಟರಿ ಜಾಗದಲ್ಲಿದ್ದ ಇಂಡಸ್ಟ್ರಿಯಲ್ ಪಾರ್ಕಿಗೆ ಜಪಾನ್ ಕಂಪನಿಗಳನ್ನ ಬಾಗಿಲು ತಟ್ಟಿ ತಟ್ಟಿ ಕರ್ಕೊಂಡು ಬಂದ್ರು, ಕಾರಿನ ಬಿಡಿಭಾಗ ಮಾಡೋ ಡೆನ್ಸೊ ಅಲ್ಲಿಗೆ ಬಂದಿದ್ದು ಹಂಗೆ ಅದೇ ದಶಕದಲ್ಲಿ. ಓಹಾಯೊದ ಮೇರಿಸ್‌ವಿಲ್‌ನಲ್ಲಿ ಉಲ್ಟಾ, ಹೋಂಡಾ 1979ರಲ್ಲೇ ಬೈಕ್, 1982ರಲ್ಲಿ ಕಾರು ಶುರು ಮಾಡಿತ್ತು, ಓಹಾಯೊ ರಾಜ್ಯಕ್ಕೂ ಜಪಾನಿನ ಸೈತಾಮಾ ಪ್ರಾಂತ್ಯಕ್ಕೂ ಒಪ್ಪಂದ ಆಗಿದ್ದು 1990ರಲ್ಲಿ. ಬಂಡವಾಳ ಮೊದಲು, ನಂಟು ಆಮೇಲೆ. ಆದ್ರೆ ಹಂಗೆ ಆಮೇಲೆ ಬಂದ ನಂಟೂ ದಂಡ ಅಲ್ಲ, ದೊಡ್ಡ ಕಂಪನಿ ಹಿಂದೆ ಬರೋ ಸಪ್ಲೈಯರ್‌ಗಳನ್ನ ಹಿಡಿದಿಡೋದು ಅದೇ.

ನಮ್ಮ ಕೈಲಿ ಏನಾಗತ್ತೆ, ಏನಾಗಲ್ಲ

ವಿದೇಶಾಂಗ ವ್ಯವಹಾರ ಅನ್ನೋದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯಲ್ಲಿದೆ. ತುಮಕೂರು ಮಹಾನಗರ ಪಾಲಿಕೆಯಾಗ್ಲಿ ಕೋಲಾರ ನಗರಸಭೆಯಾಗ್ಲಿ ತಾವಾಗೇ ಹೋಗಿ ಹೊರದೇಶದ ಊರಿನ ಜೊತೆ ಸಹಿ ಹಾಕೋಕಾಗಲ್ಲ, ರಾಜ್ಯ ಸರ್ಕಾರದ ಮೂಲಕ ಹೋಗಿ ವಿದೇಶಾಂಗ ಸಚಿವಾಲಯದ ಒಪ್ಪಿಗೆ ತಗೋಬೇಕು. ರಾಜ್ಯಗಳ ಜೊತೆ ಈ ವಿಚಾರ ನೋಡೋಕೇ ಅಂತ 2014ರಲ್ಲಿ ಆ ಸಚಿವಾಲಯದಲ್ಲಿ ಪ್ರತ್ಯೇಕ ವಿಭಾಗ ಮಾಡಿದಾರೆ. ಆದ್ರೆ ಸಂಘ ಸಂಸ್ಥೆ, ಕಾಲೇಜು, ಕಂಪನಿಗಳು ತಮ್ಮ ತಮ್ಮಲ್ಲೇ ಪತ್ರ ಬರೆಯೋದು, ಭೇಟಿ ಮಾಡೋದಕ್ಕೆ ಇಂಥ ತಡೆ ಇಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಮಿತಿ. ನಂಟು ಎಷ್ಟೇ ಚೆನ್ನಾಗಿದ್ರೂ ದೆಹಲಿ ನಿಯಮ ಮೀರೋಕಾಗಲ್ಲ. ಕರ್ನಾಟಕಕ್ಕೂ ಚೀನಾದ ಸಿಚುವಾನ್ ಪ್ರಾಂತ್ಯಕ್ಕೂ 2015ರಲ್ಲಿ ಸಿಸ್ಟರ್ ಸ್ಟೇಟ್ ಒಪ್ಪಂದ ಆಯ್ತು, ಬೆಂಗಳೂರಿಗೂ ಚೆಂಗ್ಡುಗೂ ಅದಕ್ಕೂ ಮುಂಚೆ 2013ರಲ್ಲೇ ಆಗಿತ್ತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಪ್ರೆಸ್ ನೋಟ್ 3 ಅನ್ನೋ ಆದೇಶ ತಂದು ನಮ್ಮ ಗಡಿ ಹಂಚ್ಕೊಂಡಿರೋ ದೇಶಗಳಿಂದ ಬರೋ ಹೂಡಿಕೆಗೆ ಸರ್ಕಾರದ ಮುಂಗಡ ಅನುಮತಿ ಬೇಕು ಅಂತ ಮಾಡ್ತು. ಆಗ ಆ ಎರಡು ಒಪ್ಪಂದಗಳಿಂದ ಏನೂ ಮಾಡೋಕಾಗ್ಲಿಲ್ಲ. ಇಂಥ ನಿಯಮ ಬದಲಾಗ್ತಾ ಇರತ್ತೆ, ಯಾವ ದೇಶದ ಕಡೆ ಹೋಗ್ಬೇಕು ಅಂತ ತೀರ್ಮಾನ ಮಾಡೋ ದಿನ ಒಂದ್ಸಲ ನಿಮ್ಮ ಸಿಎ ಹತ್ರ ಕೇಳಿ.

ಹೊಸ ಒಪ್ಪಂದ ಹುಡುಕೋಕೆ ಮುಂಚೆ, ಇರೋದನ್ನ ಬಳಸಿ

ಇಲ್ಲೇ ನಮ್ಮವ್ರು ಬಹಳ ಕಳ್ಕೋತಾರೆ. ನಮ್ಮ ರಾಜ್ಯಕ್ಕೆ ಈಗಾಗ್ಲೇ ಇರೋ ನಂಟು ಸಾಕಷ್ಟಿದೆ. ಜರ್ಮನಿಯ ಬವೇರಿಯಾ ರಾಜ್ಯದವ್ರು 2001ರಿಂದ ಬೆಂಗಳೂರಲ್ಲಿ ಆಫೀಸ್ ಇಟ್ಕೊಂಡಿದಾರೆ, 2007ರಿಂದ ಕರ್ನಾಟಕದ ಜೊತೆ ಅಧಿಕೃತ ಪಾಲುದಾರಿಕೆ ಇದೆ. ಸೀಮೆನ್ಸ್, ಬಿಎಂಡಬ್ಲ್ಯೂ, ಬೇರಿಂಗ್ ಮಾಡೋ ಶೆಫ್ಲರ್ ಎಲ್ಲಾ ಬವೇರಿಯಾದವ್ರು, ಅವ್ರ ಹಿಂದೆ ಲೆಕ್ಕವಿಲ್ಲದಷ್ಟು ಸಣ್ಣ ಕಂಪನಿಗಳು. ಆದ್ರೆ ಬಾಷ್ ಇರೋ ಸ್ಟಟ್‌ಗಾರ್ಟ್ ಬೇರೆ ರಾಜ್ಯ, ಬಾಡೆನ್ ವುರ್ಟೆಂಬರ್ಗ್, ಆ ರಾಜ್ಯದ ನಂಟು ಮಹಾರಾಷ್ಟ್ರದ ಜೊತೆ, ಮುಂಬೈಗೂ ಸ್ಟಟ್‌ಗಾರ್ಟ್‌ಗೂ 1968ರಿಂದ ಸಂಬಂಧ. ಜರ್ಮನಿ ಅಂದ ತಕ್ಷಣ ಎಲ್ಲಾ ಒಂದೇ ಅಂತ ಹೋಗಿ ತಪ್ಪು ಬಾಗಿಲು ತಟ್ಟಬೇಡಿ.

ಜಪಾನ್ ವಿಚಾರದಲ್ಲಿ ತುಮಕೂರಿನವ್ರು ಪುಣ್ಯವಂತರು. ಚೆನ್ನೈ ಬೆಂಗಳೂರು ಇಂಡಸ್ಟ್ರಿಯಲ್ ಕಾರಿಡಾರ್‌ನ ಮಾಸ್ಟರ್ ಪ್ಲಾನ್ ಮಾಡಿದ್ದು ಜಪಾನ್ ಸರ್ಕಾರದ ನೆರವಿನ ಸಂಸ್ಥೆ ಜೈಕಾ, ಅದ್ರಲ್ಲಿ ತುಮಕೂರು ಒಂದು ನೋಡ್, ಅಂದ್ರೆ ಕೈಗಾರಿಕೆ ಬೆಳೆಸೋಕೆ ಗುರುತಿಸಿದ ಮುಖ್ಯ ಜಾಗ. ಎರಡೂ ದೇಶದ ಸರ್ಕಾರಗಳು ಗುರುತಿಸಿರೋ ಜಪಾನ್ ಇಂಡಸ್ಟ್ರಿಯಲ್ ಟೌನ್‌ಶಿಪ್‌ಗಳ ಪಟ್ಟಿಯಲ್ಲಿ, ರಾಜಸ್ಥಾನದ ನೀಮ್ರಾನ ಥರದ ಜಾಗಗಳ ಜೊತೆ, ತುಮಕೂರಿನ ಹೆಸರೂ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಸುಮಾರು 1,701 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, 2023ರ ಫೆಬ್ರವರಿ 6ಕ್ಕೆ ಗುಬ್ಬಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ದಿನವೇ ಅದಕ್ಕೆ ಶಂಕುಸ್ಥಾಪನೆ ಆಯ್ತು. ಮೂರು ಹಂತದಲ್ಲಿ 8,484 ಎಕರೆ. ಇಷ್ಟು ಜಾಗ, ಇಷ್ಟು ಹೆಸರು ಇಟ್ಕೊಂಡು ನಾವು ಜಪಾನಿನ ಒಂದು ಸಣ್ಣ ಊರಿನ ಜೊತೆನಾದ್ರೂ ಆಳವಾದ ಸ್ನೇಹ ಬೆಳೆಸ್ಬೇಕು ಅಂತ ನನ್ನ ಆಸೆ. ನೀಮ್ರಾನದಲ್ಲಿ 2006ರಲ್ಲಿ ಜಪಾನ್ ಸರ್ಕಾರದ ವ್ಯಾಪಾರ ಉತ್ತೇಜನ ಸಂಸ್ಥೆ ಜೆಟ್ರೊಗೂ ರಾಜಸ್ಥಾನದ ಕೈಗಾರಿಕಾ ನಿಗಮಕ್ಕೂ ಒಪ್ಪಂದ ಆಯ್ತು, ಕೆಲಸ ಶುರುವಾಗಿದ್ದು ಹಂಗೆ. ಜೆಟ್ರೊ ಆಫೀಸ್ ಬೆಂಗಳೂರಲ್ಲೂ ಇದೆ, ಜಪಾನ್ ದೂತಾವಾಸವೂ ಇದೆ, ತುಮಕೂರಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದೊಳಗೆ ಮಾತಾಡ್ಕೊಂಡು ಬರ್ಬೋದು.

ಜೊತೆಗಾರ ಊರನ್ನ ಕಸುಬು ನೋಡಿ ಆರಿಸಿ

ಹೆಸರು ದೊಡ್ಡದು ಅಂತ ಟೋಕಿಯೊ, ಮ್ಯೂನಿಕ್ ಕಡೆ ನೋಡ್ಬೇಡಿ. ಅಲ್ಲಿಗೆ ದಿನಕ್ಕೆ ಎಷ್ಟು ನಿಯೋಗ ಬರತ್ತೋ, ನಮ್ಮ ಪತ್ರ ಯಾರೂ ಓದಲ್ಲ. ನಮ್ಮ ಥರದ್ದೇ ಕೆಲಸ ಮಾಡೋ, ನಮ್ಮಷ್ಟೇ ದೊಡ್ಡ ಊರು ಹುಡುಕಿ.

ಕೋಲಾರದ್ದೇ ತಗೊಳಿ. ನರಸಾಪುರದಲ್ಲಿ 2013ರಿಂದ ಹೋಂಡಾ ಟೂ ವೀಲರ್ ಫ್ಯಾಕ್ಟರಿ ಇದೆ. ಅದೇ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸ್ತಿತ್ತು, 2023ರಲ್ಲಿ ಅದನ್ನ ಟಾಟಾದವ್ರು ತಗೊಂಡ್ರು. ಈಗ ಜಪಾನಿನ ಕುಮಾಮೊಟೊ ಪ್ರಾಂತ್ಯ ನೋಡಿ, ಅಲ್ಲಿ ಓಜು ಅನ್ನೋ ಪಟ್ಟಣದಲ್ಲಿ ಹೋಂಡಾದ ಬೈಕ್ ಫ್ಯಾಕ್ಟರಿ ಇದೆ, ಪಕ್ಕದ ಕಿಕುಯೊದಲ್ಲಿ 2024ರಲ್ಲಿ ತೈವಾನಿನ ಟಿಎಸ್‌ಎಂಸಿ ಚಿಪ್ ಫ್ಯಾಕ್ಟರಿ ಉದ್ಘಾಟನೆ ಆಯ್ತು. ಬೈಕು ಜಪಾನಿಂದು, ಎಲೆಕ್ಟ್ರಾನಿಕ್ಸ್ ತೈವಾನಿಂದು, ಸುತ್ತ ಹೊಲ ಗದ್ದೆ, ಅಕ್ಕಪಕ್ಕದ ಹಳ್ಳಿಗಳಲ್ಲಿ ಬಾಡಿಗೆ ಜಾಸ್ತಿ ಆಗಿರೋ ಚರ್ಚೆ. ಕೋಲಾರದವ್ರಿಗೂ ಅವ್ರಿಗೂ ಕೂತ್ಕೊಂಡು ಮಾತಾಡೋಕೆ ಎಷ್ಟು ವಿಷಯ ಇದೆ ನೋಡಿ. ನಾನು ಕೋಲಾರದ ಸಂಘದಲ್ಲಿದ್ದಿದ್ರೆ ಮೊದಲ ಪತ್ರ ಅಲ್ಲಿಗೇ ಹಾಕ್ತಿದ್ದೆ.

ಚಿಕ್ಕಬಳ್ಳಾಪುರದವ್ರಿಗೆ ರೇಷ್ಮೆ ಇದೆ. 1991ರಿಂದ 2007ರವರೆಗೆ ಮೂರು ಹಂತದಲ್ಲಿ ಜೈಕಾ ಮತ್ತೆ ಕೇಂದ್ರ ರೇಷ್ಮೆ ಮಂಡಳಿ ಸೇರ್ಕೊಂಡು ಬೈವೋಲ್ಟೀನ್ ಅನ್ನೋ ರೇಷ್ಮೆಹುಳು ತಳಿಯ ಯೋಜನೆ ಮಾಡಿದ್ರು, ಕರ್ನಾಟಕವೂ ಅದ್ರಲ್ಲಿತ್ತು, ಜಪಾನ್ ತಜ್ಞರು ಬಂದು ಬಿಳಿ ಗೂಡು ಬೆಳೆಯೋದು ಹೇಳ್ಕೊಟ್ರು. ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಗೆ ಇವತ್ತು ಬರೋ ಬಿಳಿ ಗೂಡಿನ ಹಿಂದೆ ಆ ಕೆಲಸ ಇದೆ. ರೀಲಿಂಗ್ ಮಿಷನ್, ರೇಷ್ಮೆಯ ವೈದ್ಯಕೀಯ ಮತ್ತೆ ಕಾಸ್ಮೆಟಿಕ್ಸ್ ಬಳಕೆ, ಇಂಥದ್ರಲ್ಲಿ ಹೂಡಿಕೆ ಕೇಳೋಕೆ ಈ ಹಳೇ ಪರಿಚಯಕ್ಕಿಂತ ಒಳ್ಳೇ ಆಧಾರ ಬೇಕಾ?

ತುಮಕೂರಿಗೆ ಮಷಿನ್ ಟೂಲ್ಸ್ ಮತ್ತೆ ಫುಡ್ ಪ್ರೊಸೆಸಿಂಗ್. ವಸಂತನರಸಾಪುರದ ಫುಡ್ ಪಾರ್ಕ್ 2014ರ ಸೆಪ್ಟೆಂಬರ್‌ನಿಂದ ಇದೆ. ಎರಡರಲ್ಲಿ ಒಂದೇ ಹಿಡೀರಿ, ಒಂದೇ ಪತ್ರದಲ್ಲಿ ಹೆಲಿಕಾಪ್ಟರ್ ಇಂದ ಹುಣಸೆಹಣ್ಣಿನವರೆಗೆ ಎಲ್ಲಾ ಬರೆದ್ರೆ ಆ ಕಡೆಯವ್ರಿಗೆ ನಾವು ಯಾರು ಅಂತಾನೇ ಗೊತ್ತಾಗಲ್ಲ.

ಒಂದು ಗುಂಪು ಕಟ್ಟಿ, ಒಬ್ಬರನ್ನ ಖಾಯಂ ಇಡಿ

ಡಿಸಿ ಸಾಹೇಬ್ರು ಎರಡು ಮೂರು ವರ್ಷಕ್ಕೆ ವರ್ಗ ಆಗ್ತಾರೆ, ಕಮಿಷನರ್ ಅದಕ್ಕೂ ಬೇಗ, ಮೇಯರ್ ಅವಧಿಯಂತೂ ಇನ್ನೂ ಕಡಿಮೆ. ಆ ಕಡೆಯವ್ರು ಮೇಲ್ ಹಾಕಿದ್ರೆ ಉತ್ತರ ಕೊಡೋರು ಬದಲಾಗ್ತಾನೇ ಇದ್ರೆ ನಂಟು ಒಂದು ವರ್ಷಕ್ಕೇ ಸಾಯತ್ತೆ. ಅದಕ್ಕೆ ಕೈಗಾರಿಕಾ ಸಂಘದಿಂದ ಇಬ್ಬರು, ಒಂದು ಕಾಲೇಜಿಂದ ಒಬ್ಬರು, ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರು, ಪಾಲಿಕೆ ಇಂದ ಒಬ್ಬರು ಇರೋ ಗುಂಪು ಮಾಡಿ. ಅದ್ರಲ್ಲಿ ಒಬ್ಬರು, ಸಂಘದವ್ರೇ ಆಗಿರ್ಲಿ, ಐದು ವರ್ಷ ಬಿಡದೆ ಪತ್ರ ವ್ಯವಹಾರ ನೋಡ್ಕೋಬೇಕು. ಸಂಘದ ಹೆಸರಲ್ಲೇ ಇಮೇಲ್ ಐಡಿ ಇರ್ಲಿ, ಯಾರದೋ ಸ್ವಂತ ಐಡಿ ಬೇಡ. ಬಂದ ಮೇಲ್‌ಗೆ ಎರಡು ದಿನದಲ್ಲಿ ಉತ್ತರ ಹೋಗ್ಬೇಕು, ವಿಷಯ ಗೊತ್ತಿಲ್ಲದಿದ್ರೆ ವಿಚಾರಿಸಿ ಇಂಥ ದಿನ ಹೇಳ್ತೀವಿ ಅಂತನಾದ್ರೂ ಬರೀರಿ.

ಮೊದಲ ಪತ್ರ ಒಂದು ಪುಟ ಸಾಕು. ನಮ್ಮಲ್ಲಿ ಇಂಥ ಕೆಲಸ ಮಾಡೋ ಇಷ್ಟು ಶೆಡ್ ಇದೆ, ಇಂಥ ಮಷಿನ್ ಇದೆ, ವರ್ಷಕ್ಕೆ ಇಷ್ಟು ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರು ಹೊರಬರ್ತಾರೆ, ಏರ್‌ಪೋರ್ಟ್ ಇಷ್ಟು ದೂರ, ಚೆನ್ನೈ ಬಂದರು ಇಷ್ಟು ದೂರ. ಮುಗೀತು. ನಮ್ಮ ಇತಿಹಾಸ ಪರಂಪರೆ ಅವ್ರು ಬಂದಾಗ ತೋರಿಸೋಣ. ಈ ಪತ್ರವನ್ನ ಬೆಂಗಳೂರಿನ ದೂತಾವಾಸ, ಜೆಟ್ರೊ ಅಥವಾ ಬವೇರಿಯಾ ಆಫೀಸ್ ಮೂಲಕ ಕಳಿಸಿ, ಹೂಡಿಕೆದಾರರಿಗೆ ನೆರವಾಗೋ ರಾಜ್ಯ ಸರ್ಕಾರದ ಸಂಸ್ಥೆ ಕರ್ನಾಟಕ ಉದ್ಯೋಗ ಮಿತ್ರಕ್ಕೂ ಒಂದು ಪ್ರತಿ ಹಾಕಿ.

ಮತ್ತೆ ಪ್ರತಿ ಜನವರಿ ನಮ್ಮ ತುಮಕೂರು ರಸ್ತೆ ಮಾದಾವರದಲ್ಲೇ ಮಷಿನ್ ಟೂಲ್ಸ್ ಮೇಳ ಇಮ್‌ಟೆಕ್ಸ್ ನಡೆಯತ್ತೆ, ಈಗ ಮೆಟ್ರೊನೂ ಅಲ್ಲಿವರೆಗೆ ಬಂದಿದೆ. ಜರ್ಮನಿ, ಜಪಾನ್, ತೈವಾನ್ ಕಂಪನಿಗಳು ಅಲ್ಲಿಗೇ ಬಂದು ಕೂತಿರ್ತಾರೆ. ಹೊರದೇಶಕ್ಕೆ ನಿಯೋಗ ಹೋಗೋ ಖರ್ಚಿನ ನೂರನೇ ಒಂದು ಭಾಗದಲ್ಲಿ ಅವ್ರ ಸ್ಟಾಲ್ ಮುಂದೆ ನಿಂತು ಮಾತಾಡ್ಬೋದು, ಯಾವ ಊರಿಂದ ಬಂದಿದೀರ ಅಂತ ಕೇಳಿ ಬರ್ಕೊಳಿ, ಪಟ್ಟಿ ತಾನೇ ತಾನಾಗಿ ಬೆಳೆಯತ್ತೆ.

ಅವ್ರು ನೋಡೋಕೆ ಬಂದ ದಿನ

ಒಮ್ಮೆ ನಮ್ಮ ಕಡೆಯ ಒಂದು ಶೆಡ್‌ಗೆ ಜಪಾನಿನ ಸಣ್ಣ ಟೀಮ್ ಬಂದಿತ್ತು. ಮಾಲೀಕರು ಶಾಲು, ಹಾರ, ಪೇಟ, ಪ್ರೊಜೆಕ್ಟರ್, ಬಾದಾಮಿ ಹಾಲು ಎಲ್ಲಾ ರೆಡಿ ಮಾಡಿದ್ರು. ಅದ್ರಲ್ಲಿ ವಯಸ್ಸಾದ ಇಂಜಿನಿಯರ್ ಒಬ್ರು, ತಮ್ಮ ಊರಿಂದಾನೇ ತಂದಿದ್ದ ಸೇಫ್ಟಿ ಶೂ ಹಾಕ್ಕೊಂಡು ಸೀದಾ ಸಿಎನ್‌ಸಿ ಲೇಥ್ ಹತ್ರ ಹೋದ್ರು. ಆಪರೇಟರ್ ಹುಡುಗನ ಟ್ರೇಯಲ್ಲಿದ್ದ ಮೈಕ್ರೊಮೀಟರ್ ಎತ್ತಿ ತಿರುಗಿಸಿ ಅದ್ರ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರ್‌ನಲ್ಲಿ ತಾರೀಕು, ಅಂದ್ರೆ ಅದರ ಅಳತೆ ಸರಿ ಇದೆಯಾ ಅಂತ ಪರೀಕ್ಷೆ ಮಾಡಿದ ದಿನ, ನೋಡಿದ್ರು. ಆಮೇಲೆ ಮಾಲೀಕರನ್ನ ಬಿಟ್ಟು ಹುಡುಗನ್ನೇ ಕೇಳಿದ್ರು, ಪೀಸ್ ಕೆಟ್ಟೋದ್ರೆ ಎಲ್ಲಿ ಹಾಕ್ತೀಯ ಅಂತ. ಹುಡುಗ ಮಷಿನ್ ಪಕ್ಕದ ಕೆಂಪು ಡಬ್ಬ ತೋರಿಸ್ದ. ಅದ್ರೊಳಗೆ ಮೂರು ಪೀಸು, ಒಂದೊಂದಕ್ಕೂ ಚೀಟಿ ಕಟ್ಟಿತ್ತು, ಚೀಟಿ ಮೇಲೆ ಕನ್ನಡದಲ್ಲಿ ತಾರೀಕು, ಶಿಫ್ಟು, ಏನು ಕೆಟ್ಟಿದೆ ಅಂತ ಬರೆದಿತ್ತು. ದುಭಾಷಿ ಕೈಲಿ ಮೂರನ್ನೂ ಓದಿಸ್ಕೊಂಡ್ರು, ಫೋಟೊ ತಗೊಂಡ್ರು. ಆಮೇಲೆ ಹೆಣ್ಣುಮಕ್ಕಳ ಟಾಯ್ಲೆಟ್ ಮತ್ತೆ ಕುಡಿಯೋ ನೀರಿನ ಜಾಗ ನೋಡಿದ್ರು. ಪ್ರೊಜೆಕ್ಟರ್ ಮುಂದೆ ಕೂತಿದ್ದು ಐದೇ ನಿಮಿಷ.

ಹಾಗಾಗಿ ಭೇಟಿಗೆ ಮುಂಚೆ ಏನು ರೆಡಿ ಮಾಡ್ಬೇಕು ಅಂತ ನಿಮಗೇ ಗೊತ್ತಾಯ್ತು. ಅಳತೆ ಸಾಧನದ ಸ್ಟಿಕ್ಕರ್, ರಿಜೆಕ್ಟ್ ಡಬ್ಬ, ನೆಲದ ಮೇಲಿನ ಆಯಿಲ್, ಶೌಚಾಲಯ. ಭಾಷಣ ಒಂದಕ್ಕಿಂತ ಜಾಸ್ತಿ ಬೇಡ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಿಸಿ, ಶಾಲುಗಿಂತ ಅದನ್ನ ಜಾಸ್ತಿ ನೆನಪಿಟ್ಕೋತಾರೆ. ಬಂದು ಹೋದ ವಾರದೊಳಗೆ ಅವ್ರು ಕೇಳಿದ ಪ್ರಶ್ನೆಗಳಿಗೆಲ್ಲ ಬರವಣಿಗೆಯಲ್ಲಿ ಉತ್ತರ ಹೋಗ್ಬೇಕು, ಜಾಗದ ಬೆಲೆ, ನೀರು, ಪವರ್ ಬಗ್ಗೆ ಆಗದೇ ಇರೋದನ್ನ ಆಗತ್ತೆ ಅಂತ ಹೇಳ್ಬೇಡಿ. ಒಂದು ಸುಳ್ಳು ಭರವಸೆ ಸಿಕ್ಕಿಬಿದ್ರೆ ಆ ಊರಿನ ಉಳಿದ ಕಂಪನಿಗಳಿಗೂ ಸುದ್ದಿ ಹೋಗತ್ತೆ, ಊರಿಂದ ಊರಿಗೆ ನಂಟಿನ ಇನ್ನೊಂದು ಮುಖ ಅದು.

ಜನರನ್ನ ತಯಾರು ಮಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು, ಹೊರಗಿನ ಊರುಗಳ ಅನುಭವನೂ ಇದನ್ನೇ ಹೇಳತ್ತೆ. ನಮ್ಮ ಜಿಟಿಟಿಸಿ, ಅಂದ್ರೆ ಸರ್ಕಾರಿ ಟೂಲ್ ರೂಮ್ ಮತ್ತೆ ತರಬೇತಿ ಕೇಂದ್ರ, ಹುಟ್ಟಿದ್ದೇ 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ, ಇವತ್ತಿಗೂ ಅಲ್ಲಿ ಕಲಿತ ಟೂಲ್ ಅಂಡ್ ಡೈ ಹುಡುಗರು ಅಂದ್ರೆ ಕಂಪನಿಗಳು ಕಣ್ಣುಮುಚ್ಚಿ ತಗೋತವೆ. ಐವತ್ತು ವರ್ಷದ ಹಿಂದಿನ ನಂಟು ಇವತ್ತಿಗೂ ಫಲ ಕೊಡ್ತಿದೆ. ಹಾಗಾಗಿ ಜೊತೆಗಾರ ಊರಿನ ಹತ್ರ ಮೊದಲು ಫ್ಯಾಕ್ಟರಿ ಕೇಳ್ಬೇಡಿ, ತರಬೇತಿ ಕೇಳಿ. ವರ್ಷಕ್ಕೆ ನಾಲ್ಕು ಜನ ಪಾಲಿಟೆಕ್ನಿಕ್ ಮೇಷ್ಟ್ರು ಅಲ್ಲಿಗೆ ಹೋಗಿ ಕಲಿತು ಬರ್ಲಿ, ಅಲ್ಲಿಂದ ನಿವೃತ್ತರಾದ ಒಬ್ಬ ಇಂಜಿನಿಯರ್ ಇಲ್ಲಿ ಮೂರು ತಿಂಗಳು ಇದ್ದು ಹೇಳ್ಕೊಡ್ಲಿ.

ಭಾಷೆ ಇನ್ನೊಂದು. ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತೆ ಡಿಸೆಂಬರ್‌ನಲ್ಲಿ ನಡೆಯತ್ತೆ, ಬೆಂಗಳೂರಲ್ಲೇ ಕೇಂದ್ರ ಇದೆ, ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಸಂಘದವ್ರು ಪ್ರತಿ ವರ್ಷ ಹತ್ತು ಮಕ್ಕಳ ಫೀಸ್ ಕಟ್ಟಿದ್ರೆ ಐದು ವರ್ಷದಲ್ಲಿ ದುಭಾಷಿಗೆ ಬೆಂಗಳೂರು ಕಡೆ ನೋಡೋ ಗತಿ ಇರಲ್ಲ. ಬ್ಯಾಟಲ್ ಕ್ರೀಕ್‌ನಲ್ಲಿ ಜಪಾನಿ ಮಕ್ಕಳಿಗೆ ಅಂತ ಶನಿವಾರದ ಶಾಲೆ ಶುರುವಾಯ್ತು, ಮ್ಯಾನೇಜರ್‌ಗಳು ಮನೆಯವ್ರನ್ನ ಕರ್ಕೊಂಡು ಬಂದು ವರ್ಷಗಟ್ಟಲೆ ಇರೋಕೆ ಅದು ಬೇಕೇ ಬೇಕು. ನಮ್ಮಲ್ಲಿ ಈಗ ಬಹಳಷ್ಟು ವಿದೇಶಿ ಮ್ಯಾನೇಜರ್‌ಗಳು ಬೆಂಗಳೂರಲ್ಲೇ ಇದ್ದು ಕಾರಲ್ಲಿ ಓಡಾಡ್ತಾರೆ. ತುಮಕೂರು, ಕೋಲಾರದಲ್ಲಿ ಒಂದು ಒಳ್ಳೇ ಸರ್ವಿಸ್ ಅಪಾರ್ಟ್‌ಮೆಂಟು, ಒಂದು ಒಳ್ಳೇ ಆಸ್ಪತ್ರೆ, ಮಕ್ಕಳಿಗೆ ಒಂದು ಶಾಲೆ, ಇದು ಪಾಲಿಕೆ ಮನಸ್ಸು ಮಾಡಿದ್ರೆ ಆಗೋ ಕೆಲಸ.

ದುಡ್ಡು ಬರೋ ಹೊತ್ತಿಗೆ ಕಾಗದ ಪತ್ರ

ಇದನ್ನ ಬೇಗ ಹೇಳಿ ಮುಗಿಸ್ತೀನಿ, ವಿವರಕ್ಕೆ ಸಿಎ ಬೇಕೇ ಬೇಕು. ನಮ್ಮ ಬಹಳ ಶೆಡ್‌ಗಳು ಪ್ರೊಪ್ರೈಟರ್‌ಶಿಪ್ಪು ಇಲ್ಲಾ ಅಣ್ತಮ್ಮಂದಿರ ಪಾರ್ಟ್‌ನರ್‌ಶಿಪ್ಪು, ಅಂಥದ್ರಲ್ಲಿ ವಿದೇಶಿ ಕಂಪನಿ ಪಾಲು ಹಾಕೋಕಾಗಲ್ಲ, ಜಾಯಿಂಟ್ ವೆಂಚರ್ ಯೋಚನೆ ಇದ್ರೆ ಈಗ್ಲೇ ಪ್ರೈವೇಟ್ ಲಿಮಿಟೆಡ್ ಮಾಡ್ಕೊಳಿ, ಎರಡು ಮೂರು ವರ್ಷದ ಆಡಿಟ್ ಆದ ಲೆಕ್ಕ ಇರ್ಲಿ. ಉತ್ಪಾದನೆ ವಲಯಕ್ಕೆ ಸಾಮಾನ್ಯವಾಗಿ ನೂರಕ್ಕೆ ನೂರು ವಿದೇಶಿ ಹೂಡಿಕೆ ಆಟೊಮ್ಯಾಟಿಕ್ ರೂಟ್‌ನಲ್ಲಿ, ಅಂದ್ರೆ ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಬರ್ಬೋದು. ಹಣ ಬಂದ 60 ದಿನದೊಳಗೆ ಷೇರು ಕೊಡ್ಬೇಕು, ಷೇರು ಕೊಟ್ಟ 30 ದಿನದೊಳಗೆ ರಿಸರ್ವ್ ಬ್ಯಾಂಕ್ ಪೋರ್ಟಲ್‌ನಲ್ಲಿ ಷೇರು ಕೊಟ್ಟಿದ್ದನ್ನ ತಿಳಿಸೋ ಎಫ್‌ಸಿ ಜಿಪಿಆರ್ ಫಾರಂ ಹಾಕ್ಬೇಕು, ತಡ ಆದ್ರೆ ದಂಡ.

ಜಾಗ ಮತ್ತೆ ಅನುಮತಿಗೆ, 15 ಕೋಟಿವರೆಗಿನ ಯೋಜನೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯಲ್ಲೇ ಆಗತ್ತೆ, ಅದರ ಮೇಲೆ 500 ಕೋಟಿವರೆಗೆ ರಾಜ್ಯ ಮಟ್ಟದ ಸಮಿತಿ, ಅದಕ್ಕೂ ಮೇಲೆ ಮುಖ್ಯಮಂತ್ರಿಗಳ ಸಮಿತಿ. ನಾನು ಹೇಳ್ತಿರೋ ಸಣ್ಣ ಕಂಪನಿಗಳು ಎಷ್ಟೋ ಸಲ ಜಿಲ್ಲಾ ಸಮಿತಿ ಮಿತಿಯಲ್ಲೇ ಬರ್ತಾವೆ, ಅಂದ್ರೆ ತೀರ್ಮಾನ ಬೆಂಗಳೂರಲ್ಲಲ್ಲ, ನಮ್ಮ ಡಿಸಿ ಆಫೀಸಲ್ಲೇ ಆಗತ್ತೆ. ಆ ಮೀಟಿಂಗ್ ಯಾವ ದಿನ ಅಂತ ತಿಳ್ಕೊಂಡು ಜೊತೆಗಾರ ಊರಿನ ಕಂಪನಿಗೆ ಮೊದಲೇ ಬರೆದು ತಿಳಿಸಿ, ಫೈಲ್ ಎಲ್ಲಿದೆ ಅಂತ ಪ್ರತಿ ವಾರ ಒಂದು ಸಾಲು ಮೇಲ್ ಹಾಕಿ.

ಇನ್ನು ನಿಮ್ಮ ಪಾಲಿಕೆಗೆ ಸಿಸ್ಟರ್ ಸಿಟಿ ಮಾಡಿಸಿಕೊಡ್ತೀವಿ, ಇಷ್ಟು ಲಕ್ಷ ಕೊಡಿ ಅಂತ ಬರೋ ಏಜೆಂಟ್‌ಗಳನ್ನ ಹತ್ರ ಸೇರಿಸ್ಬೇಡಿ, ದೂತಾವಾಸ, ಜೆಟ್ರೊ, ಉದ್ಯೋಗ ಮಿತ್ರದಲ್ಲಿ ಪರಿಚಯ ಮಾಡಿಕೊಡೋಕೆ ಯಾರೂ ಲಂಪ್‌ಸಮ್ ಕೇಳಲ್ಲ. ಎರಡು ವರ್ಷ ಹಿಂಗೆ ಪತ್ರ, ಭೇಟಿ, ತರಬೇತಿ ನಡೆದು, ಆ ಕಡೆಯಿಂದ ಒಂದು ಕಂಪನಿನಾದ್ರೂ ಸ್ಯಾಂಪಲ್ ಆರ್ಡರ್ ಕೊಟ್ಟ ಮೇಲೆ ಪಾಲಿಕೆ ಸಭೆಯಲ್ಲಿ ವಿಷಯ ಇಡಿ, ನಿರ್ಣಯ ಮಾಡಿಸಿ ನಗರಾಭಿವೃದ್ಧಿ ಇಲಾಖೆ ಮೂಲಕ ದೆಹಲಿಗೆ ಕಳಿಸಿ. ನಿರ್ಣಯದ ಜೊತೆ ಆ ಎರಡು ವರ್ಷದ ಮೇಲ್‌ಗಳು, ಭೇಟಿಯ ಫೋಟೊ, ಆರ್ಡರ್ ಕಾಪಿ ಎಲ್ಲಾ ಲಗತ್ತಿಸಿ.